ಸಂಸ್ಥೆಗೆ ಹಣ ಸೇರಿಸುವುದು ಹೇಗೆ? ಮೊದಲ ಲೆಕ್ಕದಿಂದ ಎರಡನೇ ದೇಣಿಗೆಯವರೆಗೆ

"ನಮ್ಮ ಸಂಸ್ಥೆ ಒಳ್ಳೆಯ ಕೆಲಸ ಮಾಡುತ್ತಿದೆ, ಆದರೆ ಕೈಯಲ್ಲಿ ಹಣ ಇಲ್ಲ, ಯಾರನ್ನು ಕೇಳಬೇಕು ಹೇಳಿ." ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆ ಅಂದರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಹೊಸದಾಗಿ ಶುರುವಾದ ಟ್ರಸ್ಟ್ ಇರಲಿ, ಹತ್ತು ವರ್ಷ ಹಳೆಯ ಸಂಘ ಇರಲಿ, ದಾರಿ ಬಹುತೇಕ ಒಂದೇ.

"ಯಾರನ್ನು ಕೇಳಬೇಕು" ಅನ್ನೋದು ನಿಜವಾಗಿ ಮೂರನೇ ಪ್ರಶ್ನೆ. ಎಷ್ಟು ಬೇಕು ಅನ್ನೋದು ಮೊದಲನೆಯದು, ಯಾಕೆ ಬೇಕು ಅನ್ನೋದು ಎರಡನೆಯದು. ನಾಲ್ಕನೆಯದೊಂದಿದೆ, ಅದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ಒಮ್ಮೆ ಕೊಟ್ಟವರು ಮತ್ತೆ ಯಾಕೆ ಕೊಡಬೇಕು? ನಾನು ಕಂಡಂತೆ ಫಂಡ್‌ರೈಸಿಂಗ್, ಅಂದರೆ ಒಂದು ಕೆಲಸಕ್ಕಾಗಿ ಜನರಿಂದ ಹಣ ಸೇರಿಸುವ ಕೆಲಸ, ನಿಂತಿರುವುದೇ ಈ ನಾಲ್ಕನೇ ಪ್ರಶ್ನೆಯ ಮೇಲೆ. ಮೊದಲ ದೇಣಿಗೆ ಮುಲಾಜಿಗೂ ಬರಬಹುದು. ಎರಡನೆಯದು ಬರುವುದು ನಂಬಿಕೆಯಿಂದ ಮಾತ್ರ.

ಹೊರಡುವ ಮೊದಲು ಕೈಯಲ್ಲಿ ಇರಬೇಕಾದವು

ಸಂಸ್ಥೆಯ ನೋಂದಣಿ ಪತ್ರ, ಸಂಸ್ಥೆಯದೇ ಹೆಸರಿನ ಬ್ಯಾಂಕ್ ಖಾತೆ, ಹಣ ತೆಗೆಯಲು ಇಬ್ಬರ ಸಹಿ ಬೇಕು ಅನ್ನುವ ನಿಯಮ, ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ, ಹೋದ ವರ್ಷದ ಆಡಿಟ್ ಆದ ಲೆಕ್ಕ. ಸಂಸ್ಥೆ ಹೊಸದಾಗಿದ್ದು ಆಡಿಟ್ ಇಲ್ಲದಿದ್ದರೆ ಈವರೆಗಿನ ಖರ್ಚಿನ ಪಟ್ಟಿಯಾದರೂ ಇರಲಿ. ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುತ್ತದಾ, ಹೊರದೇಶದ ಹಣ ತಗೊಳ್ಳಬಹುದಾ, ಸಾರ್ವಜನಿಕವಾಗಿ ಹಣ ಸೇರಿಸಲು ಅನುಮತಿ ಬೇಕಾ, ಇವೆಲ್ಲ ಒಂದೊಂದು ದೇಶದಲ್ಲಿ ಒಂದೊಂದು ಥರ. ಇದನ್ನು ಲೆಕ್ಕಪರಿಶೋಧಕರ ಹತ್ತಿರ ಕೂತು ಮೊದಲೇ ಕೇಳಿ ತಿಳಿದುಕೊಳ್ಳಿ. ಹಣ ಬಂದ ಮೇಲೆ ಕೇಳಿದರೆ ತಡವಾಗುತ್ತದೆ.

ಎಚ್ಚರ: "ಸದ್ಯಕ್ಕೆ ನನ್ನ ಸ್ವಂತ ಖಾತೆಗೆ ಹಾಕಿ, ಆಮೇಲೆ ಸಂಸ್ಥೆಗೆ ವರ್ಗಾಯಿಸುತ್ತೇನೆ" ಅನ್ನುವ ಮಾತು ಯಾವತ್ತೂ ಬೇಡ. ನೀವು ಎಷ್ಟೇ ಪ್ರಾಮಾಣಿಕರಾಗಿರಿ, ಅದನ್ನು ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

1. ಎಷ್ಟು ಬೇಕು ಅಂತ ಬರೆಯಿರಿ

ಒಂದು ವರ್ಷದ ಬಜೆಟ್ ಹಾಕಿ. ಕೆಲಸದ ಖರ್ಚು ಒಂದು ಕಡೆ, ಸಂಸ್ಥೆ ನಡೆಸುವ ಖರ್ಚು ಇನ್ನೊಂದು ಕಡೆ. ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರ ಸಂಬಳ, ಫೋನು, ಇವನ್ನೆಲ್ಲ ಓವರ್‌ಹೆಡ್ ಅನ್ನುತ್ತಾರೆ. ಅಂದರೆ ಯಾವ ಒಂದು ಯೋಜನೆಗೂ ಸೇರದ, ಆದರೆ ಅದಿಲ್ಲದೆ ಯಾವ ಯೋಜನೆಯೂ ನಡೆಯದ ಖರ್ಚು.

ಇಲ್ಲಿ ತುಂಬ ಸಂಸ್ಥೆಗಳು ಹೆದರಿಕೊಂಡು ತಪ್ಪು ಮಾಡುತ್ತವೆ. ದಾನಿಗಳು ಏನಂದುಕೊಳ್ಳುತ್ತಾರೋ ಅಂತ ಓವರ್‌ಹೆಡ್ ಅನ್ನು ಮುಚ್ಚಿಟ್ಟು "ನಿಮ್ಮ ಪೂರ್ತಿ ಹಣ ನೇರ ಮಕ್ಕಳಿಗೇ ಹೋಗುತ್ತದೆ" ಅಂತ ಬರೆಯುತ್ತವೆ. ಹಾಗಾದರೆ ಲೆಕ್ಕ ಬರೆಯುವವರ ಸಂಬಳ ಎಲ್ಲಿಂದ ಬಂತು? ಅಮೆರಿಕದಲ್ಲಿ ಸೇವಾಸಂಸ್ಥೆಗಳನ್ನು ಅಳೆದು ನೋಡುವ ಮೂರು ದೊಡ್ಡ ಸಂಸ್ಥೆಗಳು, ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, 2013ರಲ್ಲಿ ಒಟ್ಟಾಗಿ ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದವು. ಓವರ್‌ಹೆಡ್ ಎಷ್ಟು ಅನ್ನೋದೊಂದನ್ನೇ ನೋಡಿ ಸಂಸ್ಥೆ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನಿಸಬೇಡಿ, ಅದು ಮಾಡುವ ಕೆಲಸ ನೋಡಿ ಅನ್ನೋದು ಅದರ ಸಾರಾಂಶ. ನೀವೂ ಮುಚ್ಚುಮರೆ ಇಲ್ಲದೆ ಹೇಳಿ: ಇಷ್ಟು ಕೆಲಸಕ್ಕೆ, ಇಷ್ಟು ಸಂಸ್ಥೆ ನಡೆಸಲು.

ಇನ್ನೆರಡು ಮಾತು ಇಲ್ಲೇ ತಿಳಿದುಕೊಳ್ಳಿ. ದಾನಿ "ಇದನ್ನು ಪುಸ್ತಕಕ್ಕೆ ಮಾತ್ರ ಬಳಸಿ" ಅಂತ ಷರತ್ತು ಹಾಕಿ ಕೊಟ್ಟರೆ ಅದು ನಿರ್ಬಂಧಿತ ದೇಣಿಗೆ. ಷರತ್ತಿಲ್ಲದೆ ಕೊಟ್ಟರೆ ಮುಕ್ತ ದೇಣಿಗೆ. ಎರಡನ್ನೂ ಬೇರೆ ಬೇರೆ ಬರೆದಿಡಬೇಕು. ಪುಸ್ತಕಕ್ಕೆ ಅಂತ ಬಂದ ಹಣದಲ್ಲಿ ಬಾಡಿಗೆ ಕಟ್ಟಿದರೆ, ಮುಂದಿನ ತಿಂಗಳು ವಾಪಸ್ ಹಾಕುತ್ತೇನೆ ಅಂದುಕೊಂಡಿದ್ದರೂ, ಅದು ಮಾತು ತಪ್ಪಿದಂತೆಯೇ. ಮೂರರಿಂದ ಆರು ತಿಂಗಳ ಖರ್ಚಿಗೆ ಆಗುವಷ್ಟು ಮುಕ್ತ ಹಣ ಕೂಡಿಡುವುದನ್ನೂ ಬಜೆಟ್‌ನಲ್ಲಿ ಒಂದು ಗುರಿಯಾಗಿ ಸೇರಿಸಿ.

2. ಯಾಕೆ ಬೇಕು ಅಂತ ಒಂದೇ ಪುಟದಲ್ಲಿ ಹೇಳಿ

ಈ ರಂಗದಲ್ಲಿ ಇದಕ್ಕೆ ಕೇಸ್ ಫಾರ್ ಸಪೋರ್ಟ್ ಅಂತ ಹೆಸರು. ನಾವು ಸುಮ್ನೆ "ಮನವಿ" ಅನ್ನೋಣ. ಒಂದು ಪುಟ ಸಾಕು. ತೊಂದರೆ ಏನು, ನೀವು ಏನು ಮಾಡುತ್ತಿದ್ದೀರಿ, ಈವರೆಗೆ ಏನಾಗಿದೆ, ಈಗ ಎಷ್ಟು ಬೇಕು, ಅದರಿಂದ ಏನಾಗುತ್ತದೆ, ಯಾವಾಗ ತಿಳಿಸುತ್ತೀರಿ.

ಸಂಜೆ ಹೊತ್ತು ಮಕ್ಕಳಿಗೆ ಓದು ಕಲಿಸುವ ಒಂದು ಕೇಂದ್ರ ನಿಮ್ಮದು ಅಂದುಕೊಳ್ಳಿ. "ಗ್ರಾಮೀಣ ಹಾಗೂ ನಗರ ಪ್ರದೇಶದ ವಂಚಿತ ಮಕ್ಕಳ ಸರ್ವಾಂಗೀಣ ಅಭಿವೃದ್ಧಿಗಾಗಿ ಶ್ರಮಿಸುತ್ತಿರುವ ಸಂಸ್ಥೆ" ಅಂತ ಶುರು ಮಾಡಿದರೆ ಓದುವವರ ಕಣ್ಣ ಮುಂದೆ ಏನೂ ಬರುವುದಿಲ್ಲ. "ನಮ್ಮ ಕೇಂದ್ರಕ್ಕೆ ದಿನಾ ಸಂಜೆ 60 ಮಕ್ಕಳು ಬರುತ್ತಾರೆ. ಜೂನ್‌ನಲ್ಲಿ ಬಂದಾಗ ಅವರಲ್ಲಿ 41 ಮಕ್ಕಳಿಗೆ ಒಂದು ವಾಕ್ಯ ತಡವರಿಸದೆ ಓದಲು ಬರುತ್ತಿರಲಿಲ್ಲ. ಈಗ ಹಾಗಿರುವವರು 12 ಮಂದಿ." ಇದು ಕಾಣುತ್ತದೆ, ಅಲ್ವಾ? ನಿಮ್ಮ ಕೆಲಸದ ನಿಜವಾದ ಅಂಕಿ ಹಾಕಿ. ಇಲ್ಲದ ಅಂಕಿ ಸೃಷ್ಟಿಸಬೇಡಿ. ಸಣ್ಣದಾಗಿದ್ದರೂ ನಿಜವಾದದ್ದು ಸಾಕು.

ಅಂಕಿ ಹಾಕಿ ಅಂದೆ, ಆದರೆ ಅಂಕಿಯನ್ನೇ ತುಂಬಬೇಡಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರಬೇಕು. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಅನ್ನುವ ಮೂವರು ಸಂಶೋಧಕರು ಕೆಲವರಿಗೆ ಹಸಿದ ಒಬ್ಬ ಪುಟ್ಟ ಹುಡುಗಿಯ ಕತೆ ಕೊಟ್ಟರು, ಕೆಲವರಿಗೆ ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಕೊಟ್ಟರು, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಎಲ್ಲರ ಕೈಯಲ್ಲೂ ಐದು ಡಾಲರ್ ಇತ್ತು. ಹುಡುಗಿಯ ಕತೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಅಂಕಿಅಂಶ ಓದಿದವರು 1.14 ಡಾಲರ್. ಎರಡನ್ನೂ ಓದಿದವರು 1.43 ಡಾಲರ್ ಮಾತ್ರ. ಕತೆಯ ಪಕ್ಕದಲ್ಲಿ ದೊಡ್ಡ ಅಂಕಿ ಬಂದು ಕೂತಾಗ ಕೊಡುವ ಕೈ ಹಿಂಜರಿಯಿತು. "ಇಷ್ಟು ದೊಡ್ಡ ಸಮಸ್ಯೆಗೆ ನನ್ನ ಹಣ ಯಾವ ಮೂಲೆಗೆ" ಅಂತ ಅನ್ನಿಸುತ್ತದೆ. ಅದಕ್ಕೇ ದೇಶದ ಅಂಕಿ ಬಿಡಿ, ನಿಮ್ಮ ಕೋಣೆಯ ಅಂಕಿ ಹೇಳಿ. ಒಂದು ಮಗುವಿನ ಬಗ್ಗೆ ಹೇಳಿ.

ಎಚ್ಚರ: ಆ ಒಂದು ಮಗು ನಿಮ್ಮ ಜಾಹೀರಾತಲ್ಲ. ಮಗುವಿನ ಮನೆಯವರಿಗೆ ಏನು ಬರೆಯುತ್ತೀರಿ, ಯಾರು ಓದುತ್ತಾರೆ ಅಂತ ಹೇಳಿ ಒಪ್ಪಿಗೆ ತಗೊಳ್ಳಿ, ಹೆಸರು ಬದಲಿಸಿ, ಅಳುವ ಮುಖದ ಫೋಟೋ ಹಾಕಬೇಡಿ. ನನ್ನದೊಂದು ಅಳತೆ ಇದೆ: ಆ ಮಗು ಹತ್ತು ವರ್ಷ ಬಿಟ್ಟು ಈ ಪುಟ ಓದಿದರೆ ತಲೆ ತಗ್ಗಿಸಬೇಕಾಗುತ್ತದಾ? ಹೌದು ಅನ್ನಿಸಿದರೆ ಆ ಸಾಲು ತೆಗೆದುಹಾಕಿ.

3. ಮೊದಲು ಸಮಿತಿಯವರೇ ಕೊಡಲಿ

ಇದು ಮುಜುಗರದ ಹೆಜ್ಜೆ. ಆದರೂ ಬಿಡಬೇಡಿ. ಟ್ರಸ್ಟಿಗಳು, ಕಾರ್ಯಕಾರಿ ಸಮಿತಿಯವರು, ನೀವೂ ಸೇರಿ ಎಲ್ಲರೂ ಏನಾದರೂ ಕೊಡಬೇಕು. ಮೊತ್ತ ಮುಖ್ಯವಲ್ಲ, ಎಲ್ಲರೂ ಕೊಟ್ಟಿರುವುದು ಮುಖ್ಯ. "ನಿಮ್ಮ ಸಮಿತಿಯಲ್ಲಿ ಎಷ್ಟು ಜನ ಕೊಟ್ಟಿದ್ದಾರೆ?" ಅಂತ ದೊಡ್ಡ ದಾನಿಗಳು ನೇರವಾಗಿಯೇ ಕೇಳುತ್ತಾರೆ. "ಎಲ್ಲರೂ" ಅನ್ನೋದು ಅಲ್ಲಿ ಹೇಳಬೇಕಾದ ಉತ್ತರ.

4. ಹೆಸರುಗಳ ಪಟ್ಟಿ, ಪಾಲುಗಳ ಲೆಕ್ಕ

ಈಗ ಬಂತು "ಯಾರನ್ನು" ಅನ್ನುವ ಪ್ರಶ್ನೆ. ಒಂದು ಹಾಳೆ ತಗೊಂಡು ನಡುವೆ ಸಂಸ್ಥೆಯ ಹೆಸರು ಬರೆದು ಸುತ್ತ ವೃತ್ತ ಎಳೆಯಿರಿ. ಮೊದಲ ವೃತ್ತದಲ್ಲಿ ಈಗಾಗಲೇ ಕೊಟ್ಟವರು, ಸ್ವಯಂಸೇವಕರು, ಸಮಿತಿ. ಎರಡನೆಯದರಲ್ಲಿ ನಿಮ್ಮ ಕೆಲಸ ಕಣ್ಣಾರೆ ನೋಡಿದವರು, ಕೇಂದ್ರದಲ್ಲಿ ಓದಿ ಬೆಳೆದವರು, ಅವರ ಮನೆಯವರು. ಮೂರನೆಯದರಲ್ಲಿ ಅವರಿಗೆ ಗೊತ್ತಿರುವವರು. ಹೊರಗಿನ ವೃತ್ತದಲ್ಲಿ ಗುರುತೇ ಇಲ್ಲದ ಶ್ರೀಮಂತರು. ಹೆಚ್ಚಿನವರು ಕೆಲಸ ಶುರು ಮಾಡುವುದೇ ಈ ಕೊನೆಯ ವೃತ್ತದಿಂದ. ಪೇಪರಿನಲ್ಲಿ ಹೆಸರು ನೋಡಿದ ಉದ್ಯಮಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುತ್ತಾರೆ, ಇತ್ತ ಮೂರು ವರ್ಷದಿಂದ ಪ್ರತಿ ವಾರ ಬಂದು ಪಾಠ ಹೇಳುವ ಸ್ವಯಂಸೇವಕಿಯನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಒಳಗಿನಿಂದ ಹೊರಗೆ ಹೋಗಿ.

ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಕೊಡುವ ಶಕ್ತಿ ಇದೆಯಾ, ಈ ವಿಷಯದಲ್ಲಿ ಆಸಕ್ತಿ ಇದೆಯಾ, ನಮ್ಮಲ್ಲಿ ಯಾರಿಗಾದರೂ ಅವರ ಪರಿಚಯ ಇದೆಯಾ. ಮೂರೂ ಇದ್ದರೆ ಮೊದಲು ಹೋಗಿ. ಶಕ್ತಿ ಒಂದೇ ಇದ್ದರೆ ಕೊನೆಗೆ.

ಆಮೇಲೆ ಲೆಕ್ಕ. "ಸಾವಿರ ಜನ ಸಮಾನವಾಗಿ ಒಂದೊಂದಿಷ್ಟು ಕೊಟ್ಟರೆ ಆಯಿತಲ್ಲ" ಅನ್ನುವ ಲೆಕ್ಕ ಕಾಗದದ ಮೇಲೆ ಚೆಂದ, ನಡೆಯುವುದಿಲ್ಲ. ಎಲ್ಲರೂ ಒಂದೇ ಥರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ನಿಮ್ಮ ಗುರಿಯನ್ನು 100 ಪಾಲು ಅಂದುಕೊಳ್ಳಿ. ಹೀಗೆ ಹಂಚಿ ನೋಡಿ:

ಒಬ್ಬರಿಂದ 20 ಪಾಲು.
ಇಬ್ಬರಿಂದ ತಲಾ 10 ಪಾಲು, ಒಟ್ಟು 20.
ನಾಲ್ವರಿಂದ ತಲಾ 5 ಪಾಲು, ಒಟ್ಟು 20.
ಹತ್ತು ಜನರಿಂದ ತಲಾ 2 ಪಾಲು, ಒಟ್ಟು 20.
ಉಳಿದ 20 ಪಾಲು ನೂರಾರು ಜನರ ಸಣ್ಣ ಸಣ್ಣ ದೇಣಿಗೆಯಿಂದ.

ಅಂದರೆ ಬರೀ 17 ಜನರಿಂದ 80 ಪಾಲು ಬರಬೇಕು. ಒಬ್ಬರು ಹೂಂ ಅನ್ನಬೇಕಾದರೆ ಮೂರು ನಾಲ್ಕು ಜನರನ್ನು ಕೇಳಬೇಕಾಗುತ್ತದೆ ಅಂತ ಇಟ್ಟುಕೊಂಡರೆ, ಆ 17ಕ್ಕೆ 50ರಿಂದ 70 ಹೆಸರು ಬೇಕು. ನಿಮ್ಮ ಪಟ್ಟಿಯಲ್ಲಿ ಅಂಥವು 15 ಮಾತ್ರ ಇದ್ದರೆ, ಗುರಿ ಜಾಸ್ತಿಯಾಯಿತು ಅಂತ ಅರ್ಥ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಗುರಿ ಇಳಿಸಿ, ಇಲ್ಲವೇ ಪಟ್ಟಿ ಬೆಳೆಯುವವರೆಗೆ ಕಾಯಿರಿ.

ಇನ್ನೊಂದು: ದೊಡ್ಡ ಗುರಿಯಿದ್ದಾಗ ಅರ್ಧಕ್ಕಿಂತ ಹೆಚ್ಚು ಹಣ ಸೇರುವವರೆಗೆ ಸಾರ್ವಜನಿಕವಾಗಿ ಹೇಳಬೇಡಿ. ಇದನ್ನು ಸದ್ದಿಲ್ಲದ ಹಂತ ಅನ್ನುತ್ತಾರೆ. ಅರ್ಧ ತುಂಬಿದ ಕೊಡಕ್ಕೆ ನೀರು ಹಾಕಲು ಜನ ಮುಂದೆ ಬರುತ್ತಾರೆ, ಖಾಲಿ ಕೊಡ ನೋಡಿದರೆ ಅನುಮಾನ ಪಡುತ್ತಾರೆ. ಗುರಿಯ ಜೊತೆ ಕೊನೆಯ ದಿನಾಂಕವೂ ಇರಲಿ. 1900ರ ದಶಕದಲ್ಲಿ ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘದ ಕಟ್ಟಡಗಳಿಗೆ ಹಣ ಸೇರಿಸಿದ ಚಾರ್ಲ್ಸ್ ಸಮ್ನರ್ ವಾರ್ಡ್ ಈ ವಿಧಾನಕ್ಕೆ ಹೆಸರಾದವರು. ಇಷ್ಟು ದಿನ, ಇಷ್ಟು ಹಣ, ತಂಡ ತಂಡವಾಗಿ ಹೊರಡುವುದು. ಇವತ್ತು ನಾವು ನೋಡುವ "ಇನ್ನು ಐದೇ ದಿನ" ಅನ್ನುವ ಫಲಕಗಳೆಲ್ಲ ಆ ದಾರಿಯಲ್ಲೇ ಬಂದವು.

5. ಎದುರಿಗೆ ಕೂತು ಕೇಳಿ

ಇದು ಎಲ್ಲರೂ ಹೆದರುವ ಹೆಜ್ಜೆ. ಹೆಚ್ಚು ಹಣ ಬರುವುದೂ ಇದರಿಂದಲೇ. ಪತ್ರಕ್ಕಿಂತ ಫೋನ್ ಮೇಲು, ಫೋನಿಗಿಂತ ಮುಖಾಮುಖಿ ಮೇಲು. ದೊಡ್ಡ ಪಾಲು ಕೊಡಬಲ್ಲವರನ್ನು ವಾಟ್ಸಾಪ್ ಸಂದೇಶದಲ್ಲಿ ಕೇಳಬೇಡಿ.

ಕೇಳುವುದಕ್ಕೆ ಮೊದಲು ಒಮ್ಮೆಯಾದರೂ ಅವರನ್ನು ಕರೆಸಿ ಕೆಲಸ ತೋರಿಸಿ. ಆ ದಿನ ಹಣದ ಮಾತು ಬೇಡ. ಸುಮ್ನೆ ಬಂದು ಮಕ್ಕಳ ಜೊತೆ ಅರ್ಧ ಗಂಟೆ ಕೂತು ಹೋಗಲಿ. ಆಮೇಲೆ ಸಮಯ ಕೇಳಿ ಹೋಗಿ. ಹೋಗುವಾಗಲೇ "ಕೇಂದ್ರದ ಮುಂದಿನ ವರ್ಷದ ಖರ್ಚಿನ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು" ಅಂತ ಹೇಳಿಬಿಡಿ. ಕ್ಷೇಮ ಸಮಾಚಾರಕ್ಕೆ ಬಂದೆ ಅಂತ ಹೇಳಿ ಕೊನೆಗೆ ರಸೀದಿ ಪುಸ್ತಕ ತೆಗೆಯುವುದು ಅವರಿಗೆ ಮಾಡುವ ಅವಮಾನ.

ಮಾತು ಹೀಗಿರಬಹುದು:

"ಮೇಡಂ, ಹೋದ ತಿಂಗಳು ನೀವು ಬಂದಾಗ ಬಾಗಿಲ ಹತ್ತಿರ ನಿಂತಿದ್ದ ಮಕ್ಕಳನ್ನು ನೋಡಿದಿರಲ್ಲ. ಒಳಗೆ ಕೂರಿಸಿಕೊಂಡರೆ ಕಲಿಸುವವರಿಲ್ಲ ಅಂತ ಅವರನ್ನು ವಾಪಸ್ ಕಳಿಸುತ್ತಿದ್ದೇವೆ. ಇನ್ನೊಬ್ಬ ಟೀಚರ್ ಇದ್ದರೆ ಆ 20 ಮಕ್ಕಳನ್ನೂ ಸೇರಿಸಿಕೊಳ್ಳಬಹುದು. ಆ ಟೀಚರ್ ಅವರ ಒಂದು ವರ್ಷದ ಸಂಬಳವನ್ನು ನೀವು ವಹಿಸಿಕೊಳ್ಳುತ್ತೀರಾ ಅಂತ ಕೇಳಲು ಬಂದೆ. ಲೆಕ್ಕ ಈ ಹಾಳೆಯಲ್ಲಿದೆ."

ಮೊತ್ತ ಹೇಳಿ, ಹಾಳೆ ಮುಂದಿಟ್ಟು, ಮಾತು ನಿಲ್ಲಿಸಿ. ಇಲ್ಲೇ ಎಲ್ಲರೂ ಎಡವುತ್ತಾರೆ. ಎರಡು ಕ್ಷಣದ ಮೌನ ತಡೆಯಲಾಗದೆ "ಅಷ್ಟಾಗದಿದ್ದರೂ ಪರವಾಗಿಲ್ಲ, ನಿಮ್ಮ ಕೈಲಾದಷ್ಟು ಕೊಡಿ" ಅಂದುಬಿಡುತ್ತಾರೆ. ಆ ಮಾತು ಬಾಯಿಂದ ಬಿತ್ತು ಅಂದರೆ ಟೀಚರ್ ಸಂಬಳ ಹೋಯಿತು. ಅವರು ಯೋಚಿಸುತ್ತಿದ್ದಾರೆ, ಬೇಡ ಅಂದಿಲ್ಲ. ಯೋಚಿಸಲು ಬಿಡಿ.

ಉತ್ತರ ಸಾಮಾನ್ಯವಾಗಿ ಮೂರು ಥರ ಬರುತ್ತದೆ. "ಯೋಚಿಸಿ ಹೇಳ್ತೀನಿ" ಅಂದರೆ "ಆಗಲಿ ಮೇಡಂ, ಗುರುವಾರ ಫೋನ್ ಮಾಡಲಾ?" ಅಂತ ದಿನ ಗೊತ್ತು ಮಾಡಿಕೊಳ್ಳಿ, ಗುರುವಾರವೇ ಮಾಡಿ. "ಅಷ್ಟು ಆಗಲ್ಲ" ಅಂದರೆ ಮೊತ್ತ ಜಾಸ್ತಿಯಾಯಿತಾ, ಒಟ್ಟಿಗೆ ಕೊಡುವುದು ಕಷ್ಟವಾ ಅಂತ ಕೇಳಿ. ತಿಂಗಳು ತಿಂಗಳು ಕೊಡುವುದಾದರೆ ಒಪ್ಪುವವರು ಎಷ್ಟೋ ಜನ. "ಈ ಕೆಲಸ ನನಗೆ ಅಷ್ಟು ಹತ್ತಿರವಲ್ಲ" ಅಂದರೆ ಅದನ್ನು ಗೌರವಿಸಿ, ಸಮಯ ಕೊಟ್ಟಿದ್ದಕ್ಕೆ ಧನ್ಯವಾದ ಹೇಳಿ ಎದ್ದು ಬನ್ನಿ. ಒತ್ತಾಯದಿಂದ ಬಂದ ಹಣ ಒಂದೇ ಸಲ ಬರುತ್ತದೆ. ಆಮೇಲೆ ಅವರು ನಿಮ್ಮ ಫೋನ್ ಎತ್ತುವುದಿಲ್ಲ.

ಎಚ್ಚರ: "ತಂದುಕೊಟ್ಟ ಹಣದಲ್ಲಿ ಇಷ್ಟು ಕಮಿಷನ್ ಕೊಡಿ, ನಾನು ಸೇರಿಸಿಕೊಡುತ್ತೇನೆ" ಅಂತ ಬರುವವರಿಗೆ ಬೇಡ ಅನ್ನಿ. ಫಂಡ್‌ರೈಸಿಂಗ್ ವೃತ್ತಿಯವರ ದೊಡ್ಡ ಸಂಘವಾದ ಎಎಫ್‌ಪಿಯ ನೀತಿಸಂಹಿತೆಯೇ ಕಮಿಷನ್ ಪದ್ಧತಿಯನ್ನು ಒಪ್ಪುವುದಿಲ್ಲ. ಕೆಲಸಕ್ಕೆ ಜನ ಬೇಕಿದ್ದರೆ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಕಮಿಷನ್‌ಗಾಗಿ ಕೇಳುವವರು ಇವತ್ತಿನ ಮೊತ್ತ ನೋಡುತ್ತಾರೆ, ದಾನಿ ನಾಳೆ ನಿಮ್ಮ ಜೊತೆ ಇರುತ್ತಾರಾ ಅನ್ನೋದು ಅವರಿಗೆ ಬೇಕಿಲ್ಲ.

6. ಸಣ್ಣ ದೇಣಿಗೆಗಳಿಗೆ ಬಾಗಿಲು ತೆರೆಯಿರಿ

ಕ್ರೌಡ್‌ಫಂಡಿಂಗ್, ಅಂದರೆ ತುಂಬ ಜನರಿಂದ ಸ್ವಲ್ಪ ಸ್ವಲ್ಪ ಸೇರಿಸುವುದು, ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದು ಅಂತ ಅನೇಕರು ತಿಳಿದಿದ್ದಾರೆ. 1885ರಲ್ಲೇ ನಡೆದಿತ್ತು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ಫ್ರಾನ್ಸಿನಿಂದ ಬರುವುದಿತ್ತು, ಅದನ್ನು ನಿಲ್ಲಿಸುವ ಪೀಠಕ್ಕೆ ಹಣ ಸಾಲದೆ ಕೆಲಸ ನಿಂತಿತ್ತು. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ತಮ್ಮ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ, ಎಷ್ಟೇ ಸಣ್ಣ ಮೊತ್ತ ಕೊಟ್ಟರೂ ಕೊಟ್ಟವರ ಹೆಸರು ಅಚ್ಚು ಹಾಕುತ್ತೇನೆ ಅಂತ ಮಾತು ಕೊಟ್ಟರು. ಸುಮಾರು ಐದು ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರಿಂದ ಲಕ್ಷ ಡಾಲರಿಗೂ ಹೆಚ್ಚು ಬಂತು. ಅದರಲ್ಲಿ ಬಹುಪಾಲು ಜನ ಕೊಟ್ಟಿದ್ದು ಒಂದು ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಅಷ್ಟು ಜನ ಕೊಡಲು ಕಾರಣ ಸರಳ: ತನ್ನದು ಸಣ್ಣ ಮೊತ್ತ ಅಂತ ಯಾರೂ ನಾಚಿಕೊಳ್ಳಬೇಕಾಗಿರಲಿಲ್ಲ.

ನಿಮ್ಮ ಆನ್‌ಲೈನ್ ಪುಟದಲ್ಲಿ ಒಂದೇ ಗುರಿ, ಒಂದೇ ಕತೆ, ಕೊನೆಯ ದಿನಾಂಕ ಇರಲಿ. ಕೊಡುವ ಗುಂಡಿ ಮೇಲೇ ಕಾಣಲಿ. ಫೋನಿನಲ್ಲಿ ನೀವೇ ಒಮ್ಮೆ ಹಣ ಕಟ್ಟಿ ನೋಡಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಆಗ ಗೊತ್ತಾಗುತ್ತದೆ. ಪುಟ ಶುರುವಾಗುವ ದಿನಕ್ಕೆ ಹತ್ತು ಇಪ್ಪತ್ತು ಆಪ್ತರು ಮೊದಲೇ ಕೊಡಲು ಸಿದ್ಧರಿರಲಿ. ಇಂಥ ಪುಟ ನಡೆಸಿಕೊಡುವ ಆನ್‌ಲೈನ್ ವೇದಿಕೆಗಳು ಶುಲ್ಕ ಹಿಡಿದುಕೊಳ್ಳುತ್ತವೆ, ಎಷ್ಟು ಅಂತ ಮೊದಲೇ ಓದಿ ಗುರಿಯಲ್ಲಿ ಸೇರಿಸಿ.

ಮ್ಯಾಚಿಂಗ್ ಅಂತ ಒಂದು ಉಪಾಯ ಇದೆ. ಜನ ಎಷ್ಟು ಕೊಡುತ್ತಾರೋ ಅಷ್ಟನ್ನೇ ತಾನೂ ಸೇರಿಸುತ್ತೇನೆ ಅಂತ ಒಬ್ಬ ದೊಡ್ಡ ದಾನಿ ಒಪ್ಪುವುದು. ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ ಅನ್ನುವ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯಾಚಿಂಗ್ ಇದೆ ಅಂತ ಹೇಳಿದ್ದರಿಂದ ಪ್ರತಿ ಮನವಿಗೆ ಬಂದ ಹಣ ಶೇ. 19ರಷ್ಟು ಏರಿತು. ಆದರೆ ಒಂದಕ್ಕೆ ಎರಡು, ಒಂದಕ್ಕೆ ಮೂರು ಸೇರಿಸುತ್ತೇವೆ ಅಂದಾಗ, ಒಂದಕ್ಕೆ ಒಂದು ಅಂದಾಗಿನದಕ್ಕಿಂತ ಹೆಚ್ಚೇನೂ ಬರಲಿಲ್ಲ. ಹಾಗಾಗಿ ಒಂದಕ್ಕೆ ಒಂದು ಸಾಕು, ಉಳಿದದ್ದನ್ನು ಮುಂದಿನ ಸಲಕ್ಕೆ ಕೇಳಿ. ಆದರೆ ಆ ದಾನಿ ನಿಜವಾಗಿ ಇರಬೇಕು. ಹೇಗೂ ಬರುವ ಹಣವನ್ನೇ ಮ್ಯಾಚಿಂಗ್ ಅಂತ ತೋರಿಸುವುದು ಸುಳ್ಳು.

ಸಣ್ಣ ದಾನಿಗಳಲ್ಲಿ ನಿಮಗೆ ಹೆಚ್ಚು ಬೆಲೆಯುಳ್ಳವರು ತಿಂಗಳು ತಿಂಗಳು ಕೊಡುವವರು. ಹನಿ ಹನಿ ಕೂಡಿದರೆ ಹಳ್ಳ. ಆ ಹಣ ಸಾಮಾನ್ಯವಾಗಿ ಷರತ್ತಿಲ್ಲದೆ ಬರುತ್ತದೆ, ಬಾಡಿಗೆಗೂ ಆಗುತ್ತದೆ, ಮುಂದಿನ ತಿಂಗಳು ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ನಿಲ್ಲಿಸಬೇಕು ಅಂದಾಗ ಸುಲಭವಾಗಿ ನಿಲ್ಲಿಸುವ ದಾರಿಯನ್ನೂ ಕೊಡಿ.

ಎಚ್ಚರ: "ನಮ್ಮದೂ ವೈರಲ್ ಆಗಲಿ" ಅಂತ ಯೋಜನೆ ಹಾಕಬೇಡಿ. 2014ರ ಬೇಸಿಗೆಯಲ್ಲಿ ತಲೆ ಮೇಲೆ ಐಸ್ ನೀರು ಸುರಿದುಕೊಳ್ಳುವ ಸವಾಲಿನಿಂದ, ಎಎಲ್‌ಎಸ್ ಅನ್ನುವ ನರರೋಗದ ವಿರುದ್ಧ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಬಂತು. ಆ ಮಟ್ಟದಲ್ಲಿ ಅದು ಮತ್ತೆ ಬರಲಿಲ್ಲ. ಅಂಥ ಅದೃಷ್ಟ ಬಂದರೆ ಸ್ವಾಗತಿಸಿ, ಬಜೆಟ್‌ನಲ್ಲಿ ಬರೆಯಬೇಡಿ.

7. ಗ್ರ್ಯಾಂಟ್, ಕಂಪನಿ, ಕಾರ್ಯಕ್ರಮ

ಗ್ರ್ಯಾಂಟ್ ಅಂದರೆ ಪ್ರತಿಷ್ಠಾನವೋ ಸರ್ಕಾರವೋ ಒಂದು ನಿರ್ದಿಷ್ಟ ಕೆಲಸಕ್ಕೆ, ಅರ್ಜಿ ಮತ್ತು ಕರಾರಿನ ಮೇಲೆ ಕೊಡುವ ಹಣ. ಅವರು ಈ ಹಿಂದೆ ಯಾರಿಗೆ, ಎಂಥ ಕೆಲಸಕ್ಕೆ, ಎಷ್ಟು ಕೊಟ್ಟಿದ್ದಾರೆ ಅಂತ ಮೊದಲು ನೋಡಿ. ಮೂರು ಕಡೆಗೆ ಹೊಂದುವ ಅರ್ಜಿ, ಮೂವತ್ತು ಕಡೆಗೆ ಕಳಿಸಿದ ಒಂದೇ ಅರ್ಜಿಗಿಂತ ಮೇಲು. ಕೇಳಿದ ಪ್ರಶ್ನೆಗೆ, ಹೇಳಿದ ಪದಮಿತಿಯಲ್ಲಿ ಉತ್ತರಿಸಿ. ಅರ್ಜಿಯಲ್ಲಿರುವ ಕೆಲಸದ ವಿವರಕ್ಕೂ ಬಜೆಟ್‌ಗೂ ತಾಳೆಯಾಗಲಿ: ಬರಹದಲ್ಲಿ ಇಬ್ಬರು ಟೀಚರ್, ಲೆಕ್ಕದಲ್ಲಿ ಮೂವರ ಸಂಬಳ ಇದ್ದರೆ ಅರ್ಜಿ ಅಲ್ಲಿಗೇ ಪಕ್ಕಕ್ಕೆ ಹೋಗುತ್ತದೆ. ಸಲ್ಲಿಸುವ ಮೊದಲು ಅಲ್ಲಿನ ಅಧಿಕಾರಿಗೆ ಒಂದು ಫೋನ್ ಮಾಡಿ "ಇಂಥ ಕೆಲಸ ನಿಮಗೆ ಹೊಂದುತ್ತದಾ" ಅಂತ ಕೇಳಬಹುದು, ಅದರಲ್ಲಿ ತಪ್ಪೇನಿಲ್ಲ.

ಗ್ರ್ಯಾಂಟ್ ಸಿಗುತ್ತದೆ ಅಂತ ನಿಮ್ಮ ಕೆಲಸವನ್ನೇ ಬದಲಿಸಬೇಡಿ. ಓದು ಕಲಿಸುವ ಸಂಸ್ಥೆ ಹಣ ಇದೆ ಅಂತ ಗಿಡ ನೆಡಲು ಹೊರಟರೆ, ಎರಡು ವರ್ಷದಲ್ಲಿ ಹಣವೂ ಮುಗಿದಿರುತ್ತದೆ, ಓದು ಕಲಿಸುವವರೂ ಬಿಟ್ಟು ಹೋಗಿರುತ್ತಾರೆ. ಒಂದೇ ಗ್ರ್ಯಾಂಟ್ ಮೇಲೆ ಇಡೀ ಸಂಸ್ಥೆ ನಿಲ್ಲದಿರಲಿ.

ಕಂಪನಿಗಳ ವಿಷಯದಲ್ಲಿ, ಅಲ್ಲಿ ಕೆಲಸ ಮಾಡುವ ನಿಮ್ಮ ಸ್ವಯಂಸೇವಕರ ಮೂಲಕ ಹೋಗುವುದು ಒಳ್ಳೆಯ ದಾರಿ. ಹಣ ಇಲ್ಲ ಅಂದರೂ ಬಳಸಿದ ಕಂಪ್ಯೂಟರ್, ಜಾಗ, ಲೆಕ್ಕದ ಸಹಾಯ ಕೇಳಬಹುದು.

ಸಂಗೀತ ಸಂಜೆ, ಓಟ, ಭೋಜನಕೂಟ ಇಂಥವು ಹಣ ತರುವುದಕ್ಕಿಂತ ಜಾಸ್ತಿ ಹೊಸ ಜನರನ್ನು ತರುತ್ತವೆ. ಸ್ವಯಂಸೇವಕರ ಸಮಯವನ್ನೂ ಖರ್ಚು ಅಂತ ಲೆಕ್ಕ ಹಾಕಿ ನೋಡಿ, ಎಷ್ಟೋ ಕಾರ್ಯಕ್ರಮಗಳಲ್ಲಿ ಉಳಿಯುವುದು ತೀರಾ ಸ್ವಲ್ಪ. ಮೊದಲ ವರ್ಷದ ಸಂಸ್ಥೆಗೆ ನಾನು ಇದನ್ನು ಹೇಳುವುದೇ ಇಲ್ಲ.

8. ಕೊಟ್ಟವರಿಗೆ ಮರಳಿ ಹೇಳಿ

ಮೊದಲಲ್ಲಿ ಹೇಳಿದ ನಾಲ್ಕನೇ ಪ್ರಶ್ನೆ ಇದು. ಅಮೆರಿಕದಲ್ಲಿ ವರ್ಷ ವರ್ಷ ಹಾಕುವ ಲೆಕ್ಕದಲ್ಲಿ, ಒಂದು ವರ್ಷ ಕೊಟ್ಟವರಲ್ಲಿ ಮರುವರ್ಷ ಅದೇ ಸಂಸ್ಥೆಗೆ ಕೊಡುವವರು ಅರ್ಧಕ್ಕಿಂತ ಕಡಿಮೆ. ಮೊದಲ ಸಲ ಕೊಟ್ಟವರಲ್ಲಂತೂ ಇನ್ನೂ ಕಡಿಮೆ. ಹೊಸಬರನ್ನು ಹುಡುಕುತ್ತಾ ಹಳಬರನ್ನು ಕಳೆದುಕೊಳ್ಳುವುದು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ.

ರಸೀದಿ ಮತ್ತು ಧನ್ಯವಾದ 48 ಗಂಟೆಯೊಳಗೆ ಹೋಗಬೇಕು. ರಸೀದಿ ಲೆಕ್ಕಕ್ಕೆ, ಧನ್ಯವಾದ ಮನುಷ್ಯರಿಗೆ, ಹಾಗಾಗಿ ಒಂದೇ ಕಾಗದದಲ್ಲಿ ಎರಡನ್ನೂ ಮುಗಿಸಬೇಡಿ. ಧನ್ಯವಾದ ಇಷ್ಟು ಸಾಕು:

"ನಮಸ್ಕಾರ ಸರ್. ನೀವು ಸೋಮವಾರ ಕಳಿಸಿದ ಹಣ ತಲುಪಿದೆ, ತುಂಬ ಧನ್ಯವಾದ. ಇದರಲ್ಲಿ ಕಥೆ ಪುಸ್ತಕ ತರುತ್ತಿದ್ದೇವೆ, ಮುಂದಿನ ವಾರ ಕಪಾಟಿಗೆ ಬರುತ್ತವೆ. ಮಕ್ಕಳು ಯಾವುದನ್ನು ಮೊದಲು ಎತ್ತಿಕೊಂಡರು ಅಂತ ಮೂರು ತಿಂಗಳೊಳಗೆ ಬರೆಯುತ್ತೇನೆ."

ಇದರಲ್ಲಿ ಮತ್ತೆ ಹಣ ಕೇಳಿಲ್ಲ ನೋಡಿ. ಕೊನೆಯ ಸಾಲಿನಲ್ಲಿ ಒಂದು ಮಾತು ಕೊಟ್ಟಿದೆ. ಆ ಮಾತನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಮೂರು ತಿಂಗಳೊಳಗೆ ನಿಜಕ್ಕೂ ಬರೆಯಿರಿ. ಕಪಾಟಿನ ಫೋಟೋ, ಅಂಚು ಸವೆದ ಒಂದು ಪುಸ್ತಕ, ನಾಲ್ಕು ಸಾಲು. ವರ್ಷಕ್ಕೊಮ್ಮೆ ಬಣ್ಣಬಣ್ಣದ ವಾರ್ಷಿಕ ವರದಿ ಕಳಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಪೋಲಿಯೊ ವಿರುದ್ಧ 1938ರಲ್ಲಿ ಅಮೆರಿಕದಲ್ಲಿ ಶುರುವಾದ ಮಾರ್ಚ್ ಆಫ್ ಡೈಮ್ಸ್ ಅಭಿಯಾನದಲ್ಲಿ ಜನರು ಹತ್ತು ಸೆಂಟಿನ ನಾಣ್ಯಗಳನ್ನು ಅಧ್ಯಕ್ಷರ ಶ್ವೇತಭವನಕ್ಕೇ ಅಂಚೆಯಲ್ಲಿ ಕಳಿಸಿದರು. ಆ ಥರ ಸೇರಿದ ಹಣವೇ ಸಂಶೋಧನೆಗೆ ಹೋಗಿ, 1955ರಲ್ಲಿ ಜೋನಸ್ ಸಾಲ್ಕ್ ಅವರ ಲಸಿಕೆ ಸುರಕ್ಷಿತ, ಕೆಲಸ ಮಾಡುತ್ತದೆ ಅಂತ ಘೋಷಣೆಯಾಯಿತು. ಹದಿನೇಳು ವರ್ಷ! ನಿಮ್ಮ ಕೆಲಸದ ಫಲ ಬರಲೂ ಹಾಗೇ ಹೊತ್ತಾಗಬಹುದು. ನಡುವಿನ ವರ್ಷಗಳಲ್ಲಿ ದಾನಿಗಳು ಜೊತೆಗಿರಬೇಕಾದರೆ, ಕೆಲಸ ಎಲ್ಲಿಗೆ ಬಂತು ಅಂತ ಅವರಿಗೆ ಗೊತ್ತಾಗುತ್ತಿರಬೇಕು.

ಕೆಟ್ಟ ಸುದ್ದಿಯನ್ನೂ ಹೇಳಿ. ಟೀಚರ್ ನಡುವೆ ಬಿಟ್ಟು ಹೋದರು, ಎರಡು ತಿಂಗಳು ತರಗತಿ ನಡೆಯಲಿಲ್ಲ, ಉಳಿದ ಹಣ ಖಾತೆಯಲ್ಲಿದೆ, ಈ ದಿನದಿಂದ ಹೊಸಬರು ಬರುತ್ತಾರೆ. ಹೀಗೆ ನೇರವಾಗಿ ಬರೆದದ್ದಕ್ಕೆ ಕೋಪ ಮಾಡಿಕೊಂಡ ದಾನಿಗಳನ್ನು ನಾನು ಕಂಡಿದ್ದು ಕಡಿಮೆ. ಬೇರೆಯವರಿಂದ ತಿಳಿದು ಬೇಸರಪಟ್ಟವರನ್ನು ಜಾಸ್ತಿ ಕಂಡಿದ್ದೇನೆ.

9. ಬಿಟ್ಟು ಹೋದವರನ್ನು ಹುಡುಕಿ

ವರ್ಷಕ್ಕೊಮ್ಮೆ ಪಟ್ಟಿ ತೆಗೆದು, ಹೋದ ವರ್ಷ ಕೊಟ್ಟು ಈ ವರ್ಷ ಕೊಡದವರ ಹೆಸರಿಗೆ ಗುರುತು ಹಾಕಿ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಎಕ್ಸೆಲ್ ಹಾಳೆ ಸಾಕು: ಹೆಸರು, ಫೋನ್, ಕೊಟ್ಟ ದಿನ, ಮೊತ್ತ, ಯಾವುದಕ್ಕೆ, ಧನ್ಯವಾದ ಹೇಳಿದ ದಿನ, ವರದಿ ಕಳಿಸಿದ ದಿನ. ಈ ಮಾಹಿತಿಯನ್ನು ಬೇರೆ ಯಾರಿಗೂ ಕೊಡಬೇಡಿ, ಹೆಸರು ಹೇಳಬೇಡಿ ಅಂದವರ ಹೆಸರು ಎಲ್ಲೂ ಹಾಕಬೇಡಿ.

ಗುರುತು ಹಾಕಿದ ಹೆಸರುಗಳ ಮುಂದೆ ಕೊನೆಯ ಎರಡು ಕಾಲಂ ನೋಡಿ. ಎಷ್ಟೋ ಸಲ ಅವು ಖಾಲಿ ಇರುತ್ತವೆ. ಅಂಥವರಿಗೆ ನೀವೇ ಫೋನ್ ಮಾಡಿ, ಹೋದ ವರ್ಷ ತಿಳಿಸದೆ ಇದ್ದದ್ದಕ್ಕೆ ಕ್ಷಮೆ ಕೇಳಿ, ಅವರು ಕೊಟ್ಟ ಹಣದಲ್ಲಿ ಏನೇನು ಆಯಿತು ಅಂತ ಹೇಳಿ, ಬಂದು ನೋಡಲು ಕರೆಯಿರಿ. ಆ ಫೋನಿನಲ್ಲಿ ಹಣದ ಮಾತು ಎತ್ತಬೇಡಿ.